ಮುದ್ದುವಿನ ಬಟ್ಟಲು

ಪುತ್ತಿಗೆ, ಮೂಡುಬಿದಿರೆ
ಮೇ ತಿಂಗಳ ಎರಡನೇ ಗುರುವಾರ

ಜ್ಯೋತ್ಸ್ನಾ,

ಹೆಸರಿನ ಮುಂದೆ ‘ಚಿ. ಸೌ.’ ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪತ್ರ ಬರೆಯಲು ಕಲಿಸಿದವಳು ನಾನು. ಹಿರಿಯರಿಗೆ ಹೇಗೆ, ಕಿರಿಯರಿಗೆ ಹೇಗೆ, ಅಲ್ಪವಿರಾಮ ಎಲ್ಲಿ, ಎಲ್ಲ ಬಾಯಿಪಾಠ. ಮನೆ ಬಿಟ್ಟುಹೋದ ಸೊಸೆಗೆ ಹೇಗೆ ಬರೆಯಬೇಕೆಂದು ಮಾತ್ರ ಯಾವ ಪಾಠದಲ್ಲಿಯೂ ಇರಲಿಲ್ಲ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದಿ. ನಿನ್ನ ಅಮ್ಮ ಶಶಿಪ್ರಭಾ ನನ್ನ ಸ್ವರ ಕೇಳಿದ ಕೂಡಲೇ ಫೋನ್ ಇಡುತ್ತಾಳೆ. ಹಾಗಾಗಿ ಕಾಗದ. ಉಜ್ವಲ್ ಲಾಯಿಲದ ನಿನ್ನ ತವರಿಗೆ ಬಂದು ನಿನ್ನ ಕೈಯಲ್ಲೇ ಕೊಡುತ್ತಾನೆ. ಮೈದುನನ ಮೇಲೆ ನಿನಗೆ ಸಿಟ್ಟಿಲ್ಲವೆಂದು ನನಗೆ ಗೊತ್ತು. ಹರಿದುಹಾಕುವುದಾದರೆ ಓದಿ ಆದ ಮೇಲೆ ಹರಿದುಹಾಕು.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಸಾಲಿನಲ್ಲಿಯೂ ಅದನ್ನೇ ಹುಡುಕುತ್ತಿ. ನಮ್ಮ ಮುದ್ದು ತಿನ್ನುವುದು ಬಿಟ್ಟಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ನಿನ್ನ ಮಗು ಹೋಗಿ ಎಂಟು ತಿಂಗಳಾಯಿತು, ಒಂದು ಸಾಲು ಬರೆಯದವಳು ಈಗ ಗಿಳಿಗಾಗಿ ಪೆನ್ನು ಹಿಡಿದಿದ್ದಾಳೆ, ಇವಳಿಗೆ ನಾಚಿಕೆ ಎಂಬುದು ಉಂಟಾ ಎಂದು ನೀನು ಕೇಳಬಹುದು. ಉಂಟು. ಆದರೆ ನನ್ನ ನಾಚಿಕೆಯಿಂದ ಗಿಳಿಯ ಹೊಟ್ಟೆ ತುಂಬುವುದಿಲ್ಲ.

ನಿನಗೆ ಅದು ಒಂದು ಹಕ್ಕಿ. ನನಗೆ ಅದು ನನ್ನ ಗಂಡನ ಗಂಟಲು. ನೀನು ಅವರನ್ನು ನೋಡಿಲ್ಲ, ಫೋಟೋದಲ್ಲಿ ಮಾತ್ರ ನೋಡಿದ್ದಿ. ಮುಂಡಪ್ಪ ಶೆಟ್ಟರು ಬಂಟ್ವಾಳ ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲಕ್ಕೆ ಮಂಗಳೂರಿನಿಂದ ಅದನ್ನು ತಂದರು. ಮೈಯೆಲ್ಲ ಬೂದಿ, ಬಾಲ ಮಾತ್ರ ಕೆಂಪು. ಆಫ್ರಿಕದ ಜಾತಿ, ಐವತ್ತು ವರ್ಷ ಬದುಕುತ್ತದೆ, ನಮ್ಮಿಬ್ಬರನ್ನೂ ದಾಟಿಸಿಯೇ ಹೋಗುತ್ತದೆ ಎಂದು ನಗುತ್ತಿದ್ದರು. ಬೆಳಿಗ್ಗೆ ಆರು ಗಂಟೆಗೆ ಜಗಲಿಯಲ್ಲಿ ಅದರ ಗೂಡಿನ ಪಕ್ಕ ಕೂತು ಒಳಗೆ ಕೇಳುವ ಹಾಗೆ ಕೂಗುತ್ತಿದ್ದರು, “ಹರಿಣೀ, ಚಾ ಆಂಡಾ?” ಹನ್ನೊಂದು ವರ್ಷ ದಿನಾ ಇದನ್ನು ಕೇಳಿದ ಹಕ್ಕಿ ಅದು. ಮೂರು ವರ್ಷದ ಹಿಂದೆ ಅವರು ಹೋಟೆಲಿನಲ್ಲಿಯೇ ಕುಸಿದು ಹೋದರು. ಮರುದಿನ ಬೆಳಿಗ್ಗೆ ಮನೆ ತುಂಬ ನೆಂಟರು ಮಲಗಿದ್ದಾಗ, ಸರಿಯಾಗಿ ಆರು ಗಂಟೆಗೆ, ಜಗಲಿಯಿಂದ ಅವರದ್ದೇ ಸ್ವರ, ಅದೇ ಒರಟು, ಅದೇ ಎಳೆತ, ಚಾ ಆಯಿತಾ ಎಂದು ಕೇಳಿತು. ನಾನು ಎದ್ದು ಹೋಗಿ ಚಾ ಮಾಡಿದೆ. ಊರಿಗೆಲ್ಲ ನಾನು ಟೀಚರು, ಮಕ್ಕಳಿಗೆ ಅಮ್ಮ, ನಿನಗೆ ಮಾಮಿ. ಹರಿಣಿ ಎಂದು ಕರೆಯಲಿಕ್ಕೆ ಆ ಹಕ್ಕಿಯನ್ನು ಬಿಟ್ಟರೆ ಇನ್ನು ಯಾರೂ ಇರಲಿಲ್ಲ.

ಆದರೆ ಅವರು ಅದಕ್ಕೆ ತಿನ್ನಿಸಿದ್ದು ಏನು? ಸೂರ್ಯಕಾಂತಿ ಬೀಜ, ನೆಲಗಡಲೆ, ಸಂಜೆಗೆ ಹೋಟೆಲಿನಿಂದ ತಂದ ಗೋಳಿಬಜೆಯ ಚೂರು. ಪ್ರೀತಿ ಎಂದರೆ ಎಣ್ಣೆಯಲ್ಲಿ ಕರಿದು ಕೊಡುವುದು ಎಂದು ತಿಳಿದಿದ್ದ ಮನುಷ್ಯ. ಭವಿತನಿಗೆ ನಿನ್ನನ್ನು ನೋಡಿ ಒಪ್ಪಿದ ತಿಂಗಳಲ್ಲಿಯೇ ಮುದ್ದುವಿನ ಕೊಕ್ಕು ವಿಕಾರವಾಗಿ ಬೆಳೆಯಿತು, ರೆಕ್ಕೆ ಮಾಸಿತು. ಮೂಡುಬಿದಿರೆಯ ಪ್ರಾಣಿಗಳ ಡಾಕ್ಟರು ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದರು. ಬೀಜ ಕಡಿಮೆ ಮಾಡಬೇಕು, ಸೊಪ್ಪು, ತರಕಾರಿ, ಮೊಳಕೆ ಕಾಳು, ಹಣ್ಣು, ದಿನಕ್ಕೊಂದು ಬಗೆ ಬದಲಾಯಿಸಿ ಕೊಡಬೇಕು. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಬೇಕು. ಮತ್ತೆ ಒಂದು ಮಾತು ಹೇಳಿದರು. ಅದೇ ನಿನ್ನ ಹಣೆಬರಹವಾಯಿತು. “ಗುರುತಿಲ್ಲದ್ದನ್ನು ಗಿಳಿ ಬಾಯಿಗೆ ಇಡುವುದಿಲ್ಲ ಟೀಚರೇ. ಅದಕ್ಕೆ ನಂಬಿಕೆ ಇರುವವರು ಎದುರು ಕೂತು ತಿಂದು ತೋರಿಸಬೇಕು. ಇವರು ತಿಂದದ್ದು ಒಳ್ಳೆಯದೇ ಎಂದು ಅದಕ್ಕೆ ಅನಿಸಬೇಕು.”

ನಾನು ಕೂತೆ. ಎರಡು ತಿಂಗಳು ಹಸಿ ತೊಂಡೆಕಾಯಿ ಜಗಿದು ತೋರಿಸಿದೆ. ಅದು ಬೆನ್ನು ಹಾಕಿ ಕೂರುತ್ತಿತ್ತು. ಕೈ ಒಳಗೆ ಹಾಕಿದರೆ ಕಚ್ಚುತ್ತಿತ್ತು. ನನ್ನ ಹೆಬ್ಬೆರಳಿನಲ್ಲಿ ಕಲೆ ಈಗಲೂ ಉಂಟು. ಶಾಲೆಯಲ್ಲಿ ಎಷ್ಟೋ ಹಟಮಾರಿ ಮಕ್ಕಳ ಬಾಯಿಗೆ ಬಿಸಿಯೂಟ ತುರುಕಿದವಳಿಗೆ ಒಂದು ಹಕ್ಕಿ ಬಗ್ಗಲಿಲ್ಲ.

ಆಮೇಲೆ ನೀನು ಬಂದೆ. ಮದುವೆಯಾಗಿ ವಾರ ಕಳೆದಿರಲಿಲ್ಲ, ಮದರಂಗಿ ಇನ್ನೂ ಕೈಯಲ್ಲಿತ್ತು, ಮುದ್ದು ನಿನ್ನ ಮಣಿಕಟ್ಟಿನ ಮೇಲೆ ಕೂತಿತು. ನೀನು ತಿನ್ನುತ್ತಿದ್ದ ಪೇರಳೆಯನ್ನು ನಿನ್ನ ತುಟಿಯಿಂದಲೇ ಕಿತ್ತು ತಿಂದಿತು. ಆ ದಿನ ಖುಷಿಯಿಂದ ನಿನಗೆ ನಾನೇ ಚಾ ಮಾಡಿ ಕೊಟ್ಟಿದ್ದೆ, ನೆನಪಿರಬಹುದು. ಮಾರನೆಯ ಬೆಳಿಗ್ಗೆ ಆರಕ್ಕೆ ನೀನು ಜಗಲಿ ಗುಡಿಸುತ್ತಿದ್ದೆ. ಅದು ಕುತ್ತಿಗೆ ಓರೆ ಮಾಡಿ ನಿನ್ನನ್ನು ನೋಡಿಕೊಂಡು, ನನ್ನ ಗಂಡನ ಸ್ವರದಲ್ಲಿ, ಚಾ ಆಯಿತಾ ಎಂದು ಕೇಳಿತು. ನಿನ್ನನ್ನು ನೋಡಿಕೊಂಡು! ನೀನು ನಕ್ಕು “ಆಯ್ತು ಆಯ್ತು, ಈಗ ತರ್ತೇನೆ” ಎಂದೆ. ನಾನು ಬಾಗಿಲ ಹಿಂದೆ ಚಾದ ಲೋಟ ಹಿಡಿದು ನಿಂತಿದ್ದೆ. ಹೊಟ್ಟೆಕಿಚ್ಚು ಎಂಬ ಶಬ್ದವನ್ನು ಎಷ್ಟೋ ಸಲ ಬೋರ್ಡಿನಲ್ಲಿ ಬರೆದಿದ್ದೆ. ಅದು ಹೊಟ್ಟೆಯಲ್ಲಿಯೇ ಸುಡುವುದೆಂದು ಐವತ್ತೊಂಬತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ಮಗ ರಜೆ ಮುಗಿಸಿ ದೋಹಾಕ್ಕೆ ಹೋದ. ನಿನಗೆ ತಿಂಗಳು ನಿಂತಿತು. ಬೆಳಿಗ್ಗೆಯ ಕ್ರಮ ಮಾತ್ರ ತಪ್ಪಲಿಲ್ಲ. ಏಳು ಗಂಟೆಗೆ, ಬೀಜ ಹಾಕುವ ಮೊದಲು, ನೀನು ಗೂಡಿನ ಎದುರು ಮಣೆ ಹಾಕಿ ಕೂರುವುದು. ನಾನು ಸ್ಟೀಲಿನ ಬಟ್ಟಲು ತಂದು ಇಡುವುದು. ತೊಂಡೆಕಾಯಿ, ಅಲಸಂಡೆ, ಬೇಯಿಸಿದ ಸಿಹಿಕುಂಬಳ, ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರು, ದಾಳಿಂಬೆ, ಕದಳಿ ಬಾಳೆಹಣ್ಣು. ಇಂದು ಐದು ಬಗೆಯಾದರೆ ನಾಳೆ ಬೇರೆ ಐದು. ನೀನು ಒಂದು ತುಂಡು ಎತ್ತಿ ಅದಕ್ಕೆ ಕಾಣುವ ಹಾಗೆ ಕಚ್ಚಿ, ಜಗಿದು, ಕಣ್ಣರಳಿಸಿ ತೋರಿಸಬೇಕು. ಉಳಿದ ತುಂಡನ್ನು ಸರಳಿನ ಒಳಗೆ ಹಿಡಿಯಬೇಕು. ಬಸುರಿ ಪಪ್ಪಾಯಿ ತಿನ್ನಬಾರದಲ್ಲ, ಅದನ್ನು ಮಾತ್ರ ತುಟಿಗೆ ಮುಟ್ಟಿಸಿ ನಟಿಸು ಎಂದಿದ್ದೆ. ಒಂದು ಬಗೆಗೆ ಒಂದೇ ಕಚ್ಚು. ಅದು ನಾನು ಇಟ್ಟ ನಿಯಮ. ಬಟ್ಟಲು ಖಾಲಿಯಾಗುವವರೆಗೆ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ನಿನಗೆ ಒಂದು ಸೌಟು ಗಂಜಿ, ಒಂದು ಮಾವಿನ ಮಿಡಿ.

ಮಧ್ಯಾಹ್ನ ಹಿಡಿ ಅನ್ನ, ತೆಳ್ಳಗಿನ ಸಾರು. ಮೀನು ಉಷ್ಣ, ಮೊಟ್ಟೆ ಉಷ್ಣ, ಹಲಸಿನಹಣ್ಣು ವಾಯು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಾನೇ ಎತ್ತಿ ಒಳಗಿಟ್ಟೆ, ಅದನ್ನು ತಿಂದರೆ ಮಗು ವಿಪರೀತ ಬೆಳೆಯುತ್ತದೆ ಎಂದು. ಹೊಟ್ಟೆಗೆ ಹೆಚ್ಚು ಹಾಕಿದರೆ ಮಗು ದೊಡ್ಡದಾಗುತ್ತದೆ, ಹೆರಿಗೆ ಕಷ್ಟ, ಕೊಯ್ದೇ ತೆಗೆಯಬೇಕು ಎಂದು ನಿನಗೆ ಎಷ್ಟು ಸಲ ಹೇಳಿದೆ! ನಂಬಿಯೇ ಹೇಳಿದ್ದು. ನನ್ನ ಅಕ್ಕ ಮೂರು ದಿನ ನೋವು ತಿಂದು ಸತ್ತಳು, ಮಗು ನಾಲ್ಕು ಕಿಲೋದ ಮೇಲೆ ಇತ್ತು. ಭವಿತನನ್ನು ಹೆರುವಾಗ ನಾನೂ ಸತ್ತು ಬದುಕಿದೆ. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಅತ್ತೆಯರು ಬಸುರಿಯ ತಟ್ಟೆಗೆ ಹೀಗೆ ಅಡ್ಡ ಕೈ ಹಿಡಿದಿದ್ದಾರೆ, ಎಲ್ಲರೂ ಪ್ರೀತಿಯಿಂದಲೇ. ಆದರೆ ನಾನು ಟೀಚರು. ತಾಯಿ ಕಾರ್ಡಿನಲ್ಲಿ ಬರೆದದ್ದನ್ನು ಓದಲು ಬರುತ್ತದೆ. ಐದನೇ ತಿಂಗಳಲ್ಲಿ ನೀನು ನಲವತ್ತಾರು ಕಿಲೋ, ಏಳನೇ ತಿಂಗಳಲ್ಲಿಯೂ ನಲವತ್ತಾರು. ಅದೇ ವಾರ ಮುದ್ದು ನಾನೂರ ಹನ್ನೆರಡು ಗ್ರಾಮಿನಿಂದ ನಾನೂರ ಮೂವತ್ತೆಂಟಕ್ಕೆ ಏರಿತ್ತು. ನಾನು ಅದರ ಪುಸ್ತಕದಲ್ಲಿ ಆ ಅಂಕಿಗೆ ಕೆಂಪು ಪೆನ್ನಿನಿಂದ ‘ಉತ್ತಮ’ ಎಂದು ಬರೆದೆ.

ಮೂಡುಬಿದಿರೆಯಲ್ಲಿ ಹಣ್ಣಿನ ಅಂಗಡಿಯ ನಿಝಾರ್ ಒಮ್ಮೆ ಕೇಳಿದ, ಇಷ್ಟು ಬಗೆಯ ಹಣ್ಣು ಯಾರಿಗೆ ಟೀಚರೇ, ಸೊಸೆಗಾ ಎಂದು. ಅವನು ಐದನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಕಲಿತವನು. ಹೌದು ಎಂದೆ. ಅವನ ಮುಖ ಅರಳಿತು. ಎರಡು ದೊಡ್ಡ ದಾಳಿಂಬೆ ಆರಿಸಿ ಬೇರೆ ಚೀಲದಲ್ಲಿ ಹಾಕಿ, “ಇದು ನನ್ನ ಲೆಕ್ಕದಲ್ಲಿ, ಬಸುರಿಗೆ ಕೊಡಿ” ಎಂದ. ತಂದು ಮುದ್ದುವಿಗೆ ಬಿಡಿಸಿ ಇಟ್ಟೆ. ಎರಡನ್ನೂ. ನಿನಗೆ ಹೇಳಲಿಲ್ಲ. ಈಗಲೂ ಅವನು ಎಲ್ಲಿ ಕಂಡರೂ ನಿನ್ನನ್ನು ವಿಚಾರಿಸುತ್ತಾನೆ.

ಸಂಜೆ ಭವಿತ್ ವಿಡಿಯೋ ಕಾಲ್ ಮಾಡುತ್ತಿದ್ದ. ಅಷ್ಟು ಹೊತ್ತಿಗೆ ನಾಳೆಯ ಬಟ್ಟಲಿಗೆ ಹೆಚ್ಚಿಟ್ಟ ಹಣ್ಣನ್ನು ತಟ್ಟೆಯಲ್ಲಿ ಹರಡಿ ನಿನ್ನ ಮಡಿಲಲ್ಲಿ ಇಡುತ್ತಿದ್ದೆ. ನೋಡು ಮಗ, ನಿನ್ನ ಹೆಂಡತಿಗೆ ಏನೆಲ್ಲ ಕೊಡ್ತೇನೆ ಎಂದು ಫೋನನ್ನು ತಟ್ಟೆಯ ಹತ್ತಿರ ಹಿಡಿಯುತ್ತಿದ್ದೆ. ಅವನು ಅಲ್ಲಿಂದ ನಿನ್ನನ್ನು ಗೇಲಿ ಮಾಡುತ್ತಿದ್ದ, ನಿನಗೆ ಭಾರೀ ಸುಖ ಮಾರಾಯ್ತಿ, ನನಗೆ ಇಲ್ಲಿ ಒಣ ಖುಬ್ಬೂಸ್ ರೊಟ್ಟಿ ಎಂದು. ನೀನು ನಗುತ್ತಿದ್ದೆ. ಕಾಲ್ ಮುಗಿದ ಕೂಡಲೇ ತಟ್ಟೆ ಫ್ರಿಜ್ಜಿಗೆ. ಒಮ್ಮೆ ನಾನು ಎತ್ತಿಕೊಳ್ಳುವಾಗ ನಿನ್ನ ಬೆರಳು ತಟ್ಟೆಯ ಅಂಚಿನಲ್ಲಿ ಒಂದು ಕ್ಷಣ ಹೆಚ್ಚು ನಿಂತಿತು. ನಾನು ಎಳೆದೆ. ನೀನು ಬಿಟ್ಟೆ.

ಆಟಿ ತಿಂಗಳು ಬಂತು. ಹೊಸ ಸೊಸೆ ಆಟಿಗೆ ತವರಿಗೆ ಹೋಗಿ ಕೂರುವುದು ನಮ್ಮ ಕ್ರಮ. ಹೋಗಿದ್ದರೆ ಒಂದು ತಿಂಗಳು ನಿನ್ನ ಅಮ್ಮ ನಿನಗೆ ಹೊಟ್ಟೆ ತುಂಬ ಹಾಕುತ್ತಿದ್ದಳು. ನೀನು ಹೋದರೆ ಮುದ್ದು ತಿನ್ನುವುದಿಲ್ಲ. ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆಂದು ಶಶಿಪ್ರಭಾಳಿಗೆ ಸುಳ್ಳು ಹೇಳಿದೆ. ಆಗ ನನ್ನ ಮನಸ್ಸಿನಲ್ಲಿದ್ದದ್ದು ಗಿಳಿಯ ಡಾಕ್ಟರು. ಏಳನೇ ತಿಂಗಳಿಗೆ ಬಯಕೆಯ ಮಾತು ಎತ್ತಿದಳು. ತವರಿನವರು ಬಂದು, ಬಸುರಿ ಆಸೆಪಟ್ಟದ್ದನ್ನೆಲ್ಲ ಎಲೆಗೆ ಬಡಿಸಿ, ಮಡಿಲು ತುಂಬಿ ಹೆರಿಗೆಗೆ ಕರೆದುಕೊಂಡು ಹೋಗುವ ದಿನ. ಅವಳು ಕೋರಿರೊಟ್ಟಿ, ಪತ್ರೊಡೆ, ಗೆಣಸಲೆ ಎಂದು ಪಟ್ಟಿ ಓದುತ್ತಿದ್ದಳು ಫೋನಿನಲ್ಲಿ. ಚೌತಿ ಕಳೆಯಲಿ, ಆಮೇಲೆ ಒಳ್ಳೆಯ ದಿನ ನೋಡುವ ಎಂದೆ. ಫೋನ್ ಸ್ಪೀಕರಿನಲ್ಲಿತ್ತು. ನೀನು ಪಕ್ಕದಲ್ಲಿ ಬಟ್ಟೆ ಮಡಚುತ್ತಾ ಆ ಪಟ್ಟಿ ಪೂರ್ತಿ ಕೇಳಿಸಿಕೊಂಡೆ. ಚೌತಿ ಬರುವ ಮೊದಲೇ ಮಗು ಬಂತು.

ಅದಕ್ಕೆ ಹತ್ತು ದಿನ ಮೊದಲು ಒಂದು ಬೆಳಿಗ್ಗೆ ನಾನು ಕಿಟಕಿಯಿಂದ ನೋಡಿದ್ದನ್ನು ಬರೆಯದೆ ಮುಂದೆ ಹೋಗಲಾರೆ. ಮುದ್ದು ತಿಂದು ಮುಗಿಸಿ ಕೊಕ್ಕು ಉಜ್ಜುತ್ತಿತ್ತು. ಗೂಡಿನ ತಟ್ಟೆಯಲ್ಲಿ ಅದು ಬೀಳಿಸಿದ ದಾಳಿಂಬೆಯ ಕಾಳುಗಳಿದ್ದವು, ಅರ್ಧ ಕಚ್ಚಿದ್ದು, ಹಿಕ್ಕೆಯ ಪಕ್ಕದಲ್ಲಿ. ನೀನು ಹೊಟ್ಟೆ ಹಿಡಿದುಕೊಂಡು ಬಗ್ಗಿ, ತಟ್ಟೆ ಎಳೆದು, ಒಂದೊಂದೇ ಹೆಕ್ಕಿ ಸೆರಗಿನಲ್ಲಿ ಒರೆಸಿ ಬಾಯಿಗೆ ಹಾಕುತ್ತಿದ್ದೆ. ನಾನು ಹೊರಗೆ ಬಂದೆ. ಆ ದಿನ ನಾನು ಹೇಳಿದ್ದನ್ನು ಇಲ್ಲಿ ಒಂದಕ್ಷರ ಬದಲಾಯಿಸದೆ ಬರೆಯುತ್ತೇನೆ: “ಗಿಳಿಯ ಎಂಜಲು ತಿನ್ನುವಷ್ಟು ಬರಗೆಟ್ಟವಳಾ ನೀನು? ಅಪ್ಪನ ಮನೆಯಲ್ಲಿ ಏನೂ ಕಂಡಿಲ್ವಾ?” ನಿನ್ನ ಅಂಗೈಯಲ್ಲಿ ಇನ್ನೂ ನಾಲ್ಕೈದು ಕಾಳು ಇತ್ತು. ನೀನು ಅದನ್ನು ತಿರುಗಿ ತಟ್ಟೆಗೆ ಹಾಕಿದೆ. ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ, ಹಾಗೆಯೇ ಒಳಗೆ ಹೋದೆ.

ಎಂಟು ತಿಂಗಳಿಂದ ನಾನು ಒಂದೇ ಒಂದು ಮಾತಿನ ಮೇಲೆ ಜೀವ ಹಿಡಿದಿದ್ದೇನೆ. ನೀನು ಒಮ್ಮೆಯೂ ಕೇಳಲಿಲ್ಲ. ಮಾಮಿ, ಹಸಿವಾಗ್ತದೆ ಎಂದು ಬಾಯಿಬಿಟ್ಟು ಒಂದು ದಿನವೂ ಹೇಳಲಿಲ್ಲ. ಕೇಳಿದ್ದರೆ ಕೊಡದೆ ಇರುತ್ತಿದ್ದೆನಾ? ನಾನೇನು ರಾಕ್ಷಸಿಯಾ? ಹಸಿದವಳಿಗೆ ಬಾಯಿ ಇಲ್ಲವಾ? ಭವಿತನಿಗೂ ಇದನ್ನೇ ಹೇಳಿದೆ, ಉಜ್ವಲನಿಗೂ ಇದನ್ನೇ ಹೇಳಿದೆ. ಉಜ್ವಲ್ ಆಮೇಲೆ ಮನೆಯಲ್ಲಿ ಊಟ ಮಾಡುವುದು ಬಿಟ್ಟಿದ್ದಾನೆ. ಬಡಿಸಲಾ ಎಂದು ಕೇಳಿದರೆ ಆಯ್ತು ಎನ್ನುತ್ತಾನೆ. ಎಲ್ಲಿ ಆಯ್ತು, ಏನು ಆಯ್ತು ಎಂದು ಹೇಳುವುದಿಲ್ಲ. ಭವಿತ್ ಭಾನುವಾರ ಎರಡು ನಿಮಿಷ ಫೋನ್ ಮಾಡಿ ನನ್ನ ಶುಗರ್ ಎಷ್ಟೆಂದು ಕೇಳಿ ಇಡುತ್ತಾನೆ.

ಮಗು ಸಾವಿರದ ನೂರು ಗ್ರಾಂ. ಆಸ್ಪತ್ರೆಯಲ್ಲಿ ನರ್ಸು ಅದನ್ನು ಹೇಳಿದಾಗ ನನ್ನ ತಲೆಗೆ ಮೊದಲು ಬಂದದ್ದು ಏನು ಗೊತ್ತಾ? ಎರಡೂವರೆ ಮುದ್ದುವಿನಷ್ಟು. ಇದನ್ನು ನಿನಗೆ ನೋಯಿಸಲು ಬರೆಯುತ್ತಿಲ್ಲ, ಆದರೆ ನೋಯುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನ ಮೈಯಲ್ಲಿ ರಕ್ತವೇ ಇಲ್ಲ ಎಂದ ಡಾಕ್ಟರು ನಿನ್ನ ಅಮ್ಮನ ಎದುರು, ನನ್ನ ಎದುರು ಕೇಳಿದರು, ಮನೆಯಲ್ಲಿ ಹೊಟ್ಟೆಗೆ ಏನು ಕೊಡುತ್ತಿದ್ದರಮ್ಮ ಎಂದು. ನೀನು ಕಣ್ಣು ಮುಚ್ಚಿಕೊಂಡು, “ಮಾಮಿ ಎಲ್ಲ ಕೊಡ್ತಿದ್ರು, ನನಗೇ ಸೇರ್ತಿರಲಿಲ್ಲ” ಎಂದೆ. ಆ ಸುಳ್ಳು ಯಾಕೆ ಹೇಳಿದೆ? ಅದನ್ನು ಕೇಳಲು ನನಗೆ ಈಗಲೂ ಧೈರ್ಯವಿಲ್ಲ.

ಮೂರನೇ ದಿನ ನಾನು ಆಸ್ಪತ್ರೆಯಿಂದ ಹೊರಟೆ. ಉಜ್ವಲ್ ಇದ್ದಾನೆ, ನಿನ್ನ ಅಮ್ಮ ಇದ್ದಾಳೆ, ನನಗೆ ಸೊಂಟನೋವು ಎಂದೆ. 

ಸೊಂಟನೋವಲ್ಲ, ಮುದ್ದುವಿಗೆ ಎರಡು ದಿನದಿಂದ ನೆರೆಮನೆಯ ಬೀಫಾತಿಮಾ ಬರೀ ಬೀಜ ಹಾಕಿದ್ದಳು. ಮಗು ಒಂಬತ್ತನೇ ದಿನ ಹೋಗುವಾಗ ನಾನು ಇಲ್ಲಿ ಜಗಲಿಯಲ್ಲಿ ಕೂತು ಕುಂಬಳಕಾಯಿ ಜಗಿಯುತ್ತಿದ್ದೆ. ಗಂಡುಮಗು ಮುಂಡಪ್ಪ ಶೆಟ್ಟರ ಹಣೆ ತಂದಿತ್ತು ಎಂದು ಉಜ್ವಲ್ ಆಮೇಲೆ ಹೇಳಿದ. ನಾನು ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ಸರಿಯಾಗಿ ನೋಡಿರಲೇ ಇಲ್ಲ.

ನೀನು ಆಸ್ಪತ್ರೆಯಿಂದ ನೇರ ಲಾಯಿಲಕ್ಕೆ ಹೋದೆ. ಮುದ್ದು ಒಂದು ವಾರ ಬಾಗಿಲು ನೋಡಿತು. ಆಮೇಲೆ ಬಟ್ಟಲನ್ನು ಕೊಕ್ಕಿನಿಂದ ಮಗುಚಿತು. ಈಗ ಬೀಜವನ್ನೂ ಎಣಿಸಿ ತಿನ್ನುತ್ತದೆ. ಎದೆಯ ಗರಿಗಳನ್ನು ತಾನೇ ಕಿತ್ತು ಕಿತ್ತು ಕೋಳಿಯ ಹಾಗೆ ಬೋಳು ಮಾಡಿಕೊಂಡಿದೆ. ಮುನ್ನೂರ ಐವತ್ತು ಗ್ರಾಂ ಉಂಟು ಈಗ. ಡಾಕ್ಟರು ಹೀಗೇ ಆದರೆ ಮಳೆಗಾಲ ಕಾಣಲಿಕ್ಕಿಲ್ಲ ಎಂದಿದ್ದಾರೆ. ನಾನು ಮಾಡದ್ದು ಇಲ್ಲ. ಶುಗರಿದ್ದವಳು ಅದರ ಎದುರು ಕೂತು ಮಾವಿನಹಣ್ಣು ಚೀಪಿದೆ. ಹಣ್ಣನ್ನು ದಾರಕ್ಕೆ ಪೋಣಿಸಿ ನೇತುಹಾಕಿದೆ. ಬೀಜದ ಅಡಿಯಲ್ಲಿ ಹುಗಿದಿಟ್ಟೆ. ಕೊನೆಗೆ ಉಜ್ವಲನ ಫೋನಿನಲ್ಲಿ ನೀನು ಅದಕ್ಕೆ ತಿನ್ನಿಸುವ ಒಂದು ವಿಡಿಯೋ ಇತ್ತು, ಅದನ್ನು ಹಾಕಿದೆ. ಮುದ್ದು ಸರಳಿಗೆ ಬಂದು, ಫೋನಿನಲ್ಲಿ ನೀನು ತುಂಡು ಹಿಡಿದ ಕಡೆಗೆ ಬಾಯಿ ತೆರೆಯಿತು. ಗಾಜಿಗೆ ಕೊಕ್ಕು ಬಡಿದು ಹಿಂದೆ ಸರಿಯಿತು.

ಇಲ್ಲಿಯವರೆಗೆ ಓದಿದ್ದರೆ ಇನ್ನೂ ಒಂದು ವಿಷಯ ಉಂಟು. ಮೊದಲು ಅದನ್ನು ಬರೆಯಬಾರದು ಎಂದುಕೊಂಡಿದ್ದೆ.

ಅದು ಈಗ ಬೆಳಿಗ್ಗೆ ಆರಕ್ಕೆ ಚಾ ಕೇಳುವುದಿಲ್ಲ. ಶೆಟ್ಟರ ಸ್ವರ ಪೂರ್ತಿ ಹೋಗಿದೆ. ನೀನು ಹೋದ ಮೇಲೆ ಒಂದು ಸಲವೂ ಬಂದಿಲ್ಲ. ನಾನು ದಿನಾ ಲೋಟ ಹಿಡಿದು ಕಾಯುತ್ತೇನೆ. ಅದು ಏಳು ಗಂಟೆಗೆ ಬಾಯಿ ತೆರೆಯುತ್ತದೆ, ನಾನು ಬಟ್ಟಲು ಇಟ್ಟ ಕೂಡಲೇ. ಕುತ್ತಿಗೆ ತಗ್ಗಿಸಿ, ಗುಟ್ಟು ಹೇಳುವ ಹಾಗೆ, ನಿನ್ನ ಸ್ವರದಲ್ಲಿ ಹೇಳುತ್ತದೆ: “ಎಂಕ್‌ಲಾ ಒಂಜಿ ತುಂಡು ಬುಡ್ಲ ಮಾರಾಯ, ಬಡವಾಪುಂಡು.”

ನನಗೂ ಒಂದು ತುಂಡು ಬಿಡು ಮಾರಾಯ, ಹಸಿವಾಗ್ತದೆ.

ಗಿಳಿ ಒಂದೆರಡು ಸಲ ಕೇಳಿದ್ದನ್ನು ಕಲಿಯುವುದಿಲ್ಲ ಜ್ಯೋತ್ಸ್ನಾ. ಆಫ್ರಿಕದ ಗಿಳಿಯಾದರೂ ಒಂದು ವಾಕ್ಯ ಇಷ್ಟು ಸ್ಪಷ್ಟವಾಗಿ ಹೇಳಬೇಕಾದರೆ ಅದನ್ನು ಎಷ್ಟು ಬೆಳಿಗ್ಗೆ ಕೇಳಿರಬೇಕೆಂದು ನನಗಿಂತ ಚೆನ್ನಾಗಿ ತಿಳಿದವರಿಲ್ಲ. ನೀನು ಕೇಳಿದ್ದಿ. ದಿನಾ ಕೇಳಿದ್ದಿ. ಕಿಟಕಿಯಲ್ಲಿ ನಿಂತ ನನ್ನನ್ನು ಕೇಳುವುದಕ್ಕಿಂತ ಗೂಡಿನ ಹಕ್ಕಿಯನ್ನು ಕೇಳುವುದು ಸುಲಭ ಎಂದು ನಿನಗೆ ಕಂಡಿದೆ. ಅದು ನಿನ್ನ ತಪ್ಪಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂಬುದು ಸುಳ್ಳು. ಬರಗೆಟ್ಟವಳು ಎಂದು ಹೇಳಿದವಳು ಕೊಡುತ್ತಿದ್ದಳಾ?

ಈ ಕಾಗದದ ಹಿಂದೆಯೇ ಮುದ್ದುವನ್ನು ಕಳಿಸುತ್ತಿದ್ದೇನೆ. ಒಂದು ವಾರ ಬಂದು ಹೋಗು ಎಂದು ಬೇಡುವ ಯೋಚನೆ ಇತ್ತು. ಬಿಟ್ಟೆ, ಈ ಜಗಲಿಯಲ್ಲಿ ನಿನ್ನನ್ನು ಮತ್ತೆ ಆ ಮಣೆಯ ಮೇಲೆ ಕೂರಿಸಲು ನನಗೂ ಬಾಯಿ ಬರಲಿಲ್ಲ. ಉಜ್ವಲ್ ಭಾನುವಾರ ಹನ್ನೊಂದು ಗಂಟೆಗೆ ಗೂಡು ತರುತ್ತಾನೆ. ನೀನು ಬಾಗಿಲು ತೆಗೆಯದಿದ್ದರೆ ಅದನ್ನು ನಿಮ್ಮ ಸಿಟ್‌ಔಟಿನಲ್ಲಿ ಇಟ್ಟು ವಾಪಸ್ ಬಾ ಎಂದು ಹೇಳಿದ್ದೇನೆ. ಅವನು ಇದು ತುಂಬ ಕೆಟ್ಟದು ಅಮ್ಮ ಎಂದ. ಕೆಟ್ಟದು ಹೌದು.

ತಿನ್ನಿಸುವುದು ನಿನಗೆ ಗೊತ್ತು. ಆದರೂ ಟೀಚರು, ಬರೆಯದೆ ಇರಲಾರೆ. ಮೊದಲ ವಾರ ಮೆತ್ತಗಿನದ್ದು ಮಾತ್ರ, ಬೇಯಿಸಿದ ಕುಂಬಳ, ಗೆಣಸು, ಕದಳಿ. ಸ್ವಲ್ಪ ಬೆಚ್ಚಗೆ ಇರಲಿ. ಆಮೇಲೆ ನುಗ್ಗೆಸೊಪ್ಪನ್ನು ಕಡ್ಡಿ ಸಮೇತ ಸಿಕ್ಕಿಸು, ಅದಕ್ಕೆ ಕಿತ್ತು ತಿನ್ನುವ ಚಟ ಉಂಟು. ಮೊಳಕೆ ಹೆಸರು ಹುಳಿ ಬಂದಿರಬಾರದು. ಉಪ್ಪು, ಚಾ, ಚಾಕಲೇಟು ಬೇಡವೇ ಬೇಡ. ಮತ್ತೆ ಬೆಣ್ಣೆಹಣ್ಣು. ಜ್ಯೂಸ್ ಅಂಗಡಿಯಲ್ಲಿ ಬಟರ್ ಫ್ರೂಟ್ ಎಂದು ಹಾಲಿಗೆ ಹಾಕಿ ಕೊಡುತ್ತಾರಲ್ಲ, ಅದೇ. ನಮಗೆ ಅಮೃತ, ಗಿಳಿಗೆ ವಿಷ. ಸ್ವಲ್ಪವೇ ಸಾಕು, ಒಂದೆರಡು ದಿನದಲ್ಲಿ ಮುಗಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಕೈಯಿಂದ ಕೊಟ್ಟರೆ ಅದು ತಿನ್ನುತ್ತದೆ. ನೀನು ಏನು ಕೊಟ್ಟರೂ ತಿನ್ನುತ್ತದೆ. ಇದನ್ನು ಬರೆಯದೆ ಬಿಡಬಹುದಿತ್ತು. ಬರೆದೆ. ನಿನ್ನ ಮಗು ನನ್ನ ಕೈಯಲ್ಲಿದ್ದಾಗ ನಾನು ಮಾಡಿದ್ದನ್ನು ಮಾಡಿದೆ. ಈಗ ನನ್ನದು ನಿನ್ನ ಕೈಯಲ್ಲಿ. ನೀನು ಏನು ಮಾಡಿದರೂ ನಾನು ಯಾರಲ್ಲಿಯೂ ದೂರುವುದಿಲ್ಲ, ನಿನ್ನಲ್ಲಿಯೂ ಕೇಳುವುದಿಲ್ಲ.

ಆದರೆ ನಿನಗೆ ಅದು ಸಾಧ್ಯವಿಲ್ಲ. ಬಾಣಂತಿ ಹಾಸಿಗೆಯಲ್ಲಿ ಮಲಗಿ ನನ್ನ ಮಾನ ಉಳಿಸಿದವಳು ಒಂದು ಹಕ್ಕಿಯನ್ನು ಸಾಯಿಸುವುದಿಲ್ಲ. ಗೂಡಿನ ಒಳಗಿಂದ ಅದು ನಿನ್ನನ್ನು ನೋಡಿದ ಕೂಡಲೇ ನೀನು ಎದ್ದು ಹೋಗಿ ಬಾಳೆಹಣ್ಣು ಸುಲಿಯುತ್ತಿ. ಅಳುತ್ತಾ ಸುಲಿಯುತ್ತಿ, ನನಗೆ ಶಾಪ ಹಾಕುತ್ತಾ ಸುಲಿಯುತ್ತಿ, ಆದರೂ ಸುಲಿಯುತ್ತಿ. ಅದು ಗೊತ್ತಿದ್ದೇ ಕಳಿಸುತ್ತಿದ್ದೇನೆ. ನಿನ್ನ ಒಳ್ಳೆಯತನದ ಮೇಲೆ ಆಗಲೂ ಬದುಕಿದೆ, ಈಗಲೂ ಅದರ ಮೇಲೆಯೇ ಭಾರ ಹಾಕುತ್ತಿದ್ದೇನೆ. ನಾನು ಬದಲಾಗಿದ್ದೇನೆ ಎಂದು ಯಾರಾದರೂ ಬಂದು ಹೇಳಿದರೆ ನಂಬಬೇಡ.

ಕಾಗದದ ಕೊನೆಯಲ್ಲಿ ಹಿರಿಯರು ಆಶೀರ್ವಾದ ಬರೆಯಬೇಕು. ನನ್ನ ಕೈಯಿಂದ ಅದು ನಿನಗೆ ಬೇಡ. ಭಾನುವಾರ ಕಳೆದರೆ ಈ ಮನೆಯಲ್ಲಿ ಯಾವ ಸ್ವರವೂ ಇರುವುದಿಲ್ಲ, ಶೆಟ್ಟರದ್ದೂ ಇಲ್ಲ, ನಿನ್ನದೂ ಇಲ್ಲ. ಬಟ್ಟಲು ತೊಳೆದು ಕವುಚಿ ಇಟ್ಟಿದ್ದೇನೆ. ಅದರ ಎದುರು ಕೂತು ತಿಂದು ತೋರಿಸುವಾಗ ಇಲ್ಲಿ ಕಿಟಕಿಯಲ್ಲಿ ಯಾರೂ ನಿಂತಿರುವುದಿಲ್ಲ. ಹೊಟ್ಟೆ ತುಂಬ ತಿನ್ನು ಮಗಾ.

ಇತಿ,
ನಿನ್ನ ಮಾಮಿ ಆಗಿದ್ದವಳು,
ಹರಿಣಾಕ್ಷಿ